ನೆರಳಿನ ಲೆಕ್ಕ

ಆಗ್ರಾದ ಏರ್‌ಫೋರ್ಸ್ ಕ್ಯಾಂಪಿನಲ್ಲಿ ಬೆಳೆದ ನಮ್ಮಂಥ ಮಕ್ಕಳ ಮಧ್ಯೆ ಒಂದು ಶ್ರೇಣಿ ವ್ಯವಸ್ಥೆ ಇತ್ತು. ಮನುವೂ ಬೆಚ್ಚಿಬೀಳುವಂಥದ್ದು. ಪೈಲಟ್ ಮಕ್ಕಳು ಎಲ್ಲರಿಗಿಂತ ಮೇಲೆ, ಅವರು ನಮ್ಮ ಜೊತೆ ಆಡ್ತಾನೂ ಇರಲಿಲ್ಲ ಬಿಡಿ. ನಮ್ಮ ಲೈನಿನ ಮಕ್ಕಳಲ್ಲಿ ಅಪ್ಪ ಎಂಜಿನ್ ಫಿಟ್ಟರ್ ಆಗಿದ್ದರೆ ಮರ್ಯಾದೆ ಜಾಸ್ತಿ. ಬಾಂಬ್ ಜೋಡಿಸುವ ಆರ್ಮಮೆಂಟಿನವರ ಮಕ್ಕಳಿಗಂತೂ ಕೇಳೋದೇ ಬೇಡ. ರಾಡಾರ್, ವೈರ್‌ಲೆಸ್ ಕೂಡ ಪರವಾಗಿಲ್ಲ. ನನ್ನ ಸರದಿ ಬಂದಾಗ ನಾನು ‘ಫೋಟೋ’ ಅಂತಿದ್ದೆ. ಎಲ್ಲರೂ ನಗುತ್ತಿದ್ದರು. ‘ಶಾದೀ ಕಾ ಫೋಟೋ?’ ಅಂತ ಒಬ್ಬ ಸರ್ದಾರ್ ಹುಡುಗ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಮದುವೆ ಫೋಟೋ ತೆಗೆಯುವಷ್ಟಾದರೂ ಪುಣ್ಯ ಇದ್ದಿದ್ದರೆ ಮನೆಯಲ್ಲಿ ಒಂದು ಆಲ್ಬಮ್ ಇರುತ್ತಿತ್ತು. ಇಪ್ಪತ್ತು ವರ್ಷ ವಾಯುಪಡೆಯ ಫೋಟೋ ವಿಭಾಗದಲ್ಲಿ ದುಡಿದ ಅಪ್ಪ ಅಲ್ಲಿಂದ ಮನೆಗೆ ಒಂದೇ ಒಂದು ಫೋಟೋ ತಂದವನಲ್ಲ. ತರುವ ಹಾಗೂ ಇರಲಿಲ್ಲ. ಮನೆಗೆ ಬರುತ್ತಿದ್ದದ್ದು ವಾಸನೆ ಮಾತ್ರ. ಹೈಪೋ, ಅಸಿಟಿಕ್ ಆಸಿಡ್ ಎರಡೂ ಸೇರಿದ, ಹಳೇ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಾಗ ಬರುವಂಥ ವಾಸನೆ. ಬೇರೆ ಮಕ್ಕಳಿಗೆ ಅಪ್ಪ ಅಂದರೆ ಬೀಡಿ, ಬೆವರು, ಸೀಮೆಎಣ್ಣೆ ಏನೇನೋ ನೆನಪಾಗಬಹುದು. ನನಗೆ ಇವತ್ತಿಗೂ ವಿನೆಗರ್ ಬಾಟಲಿ ತೆರೆದರೆ ಅಪ್ಪ ನೆನಪಾಗ್ತಾನೆ.

ಅಪ್ಪ ಹಾಸನ ತಾಲ್ಲೂಕಿನ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ 1958ರಲ್ಲಿ ಬೆಂಗಳೂರಿಗೆ ಬಂದು ಏರ್‌ಮನ್ ಆಗಿ ಭರ್ತಿಯಾದ. ಅಲ್ಲಿವರೆಗೆ ಕ್ಯಾಮೆರಾವನ್ನು ಕೈಯಲ್ಲಿ ಮುಟ್ಟಿದವನೂ ಅಲ್ಲ. ಹಾಸನದ ಸ್ಟುಡಿಯೋ ಒಂದರಲ್ಲಿ ಪರದೆಯ ಮುಂದೆ ಒಮ್ಮೆ ಉಸಿರು ಬಿಗಿಹಿಡಿದು ನಿಂತಿದ್ದನಂತೆ, ಅಷ್ಟೇ ಪರಿಚಯ. ಪಡೆಯಲ್ಲಿ ಟ್ರೇಡ್ ಹಂಚುವಾಗ ಅವನ ಪಾಲಿಗೆ ಫೋಟೋ ಬಂತು. ‘ನಾನು ಕೇಳಿದ್ದು ಎಂಜಿನ್’ ಅಂತ ಅಮ್ಮನ ಹತ್ತಿರ ಹೇಳ್ತಿದ್ದನಂತೆ.

ಮಿಲಿಟರಿ ಫೋಟೋಗ್ರಾಫರ್ ಅಂದ ಕೂಡಲೇ ನಿಮ್ಮ ತಲೆಯಲ್ಲಿ ಬರುವ ಚಿತ್ರ ನನಗೆ ಗೊತ್ತು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಗುಂಡಿನ ಮಳೆಯಲ್ಲಿ ಓಡುವ ಹೀರೋ. ಇಲ್ಲವೇ ಪರೇಡಿನಲ್ಲಿ ಜನರಲ್ ಸಾಹೇಬರ ಮುಂದೆ ಬಗ್ಗಿ ನಿಂತವನು. 1971ರ ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸಿನಲ್ಲಿ ನಿಯಾಜಿ ಸಹಿ ಹಾಕುತ್ತಿರುವ, ಪಕ್ಕದಲ್ಲಿ ಅರೋರಾ ಕೂತಿರುವ ಫೋಟೋ ನೋಡಿರುತ್ತೀರಿ. ಅಂಥವೂ ಈ ವೃತ್ತಿಯ ಭಾಗವೇ. ಆದರೆ ಅಪ್ಪನದು ಇನ್ನೊಂದು ಜಾತಿ. ಅಲ್ಲಿ ಕ್ಯಾಮೆರಾ ಇರೋದು ವಿಮಾನದ ಹೊಟ್ಟೆಯಲ್ಲಿ, ನೆಲ ನೋಡುತ್ತಾ. ಒತ್ತುವ ಗುಂಡಿ ಇರೋದು ಮೇಲೆ ಹಾರುವವರ ಕೈಯಲ್ಲಿ. ಮಿಕ್ಕಿದ್ದೆಲ್ಲ ನೆಲದ ಮೇಲಿನವರ ಕೆಲಸ. ಕ್ಯಾಮೆರಾ ಒರೆಸಿ ಕೂರಿಸೋದು, ಫಿಲ್ಮಿನ ಮ್ಯಾಗಜೀನ್ ತುಂಬೋದು, ವಿಮಾನ ಇಳಿದ ಕೂಡಲೇ ಅದನ್ನ ಬಿಚ್ಚಿಕೊಂಡು ಕತ್ತಲೆ ಕೋಣೆಗೆ ಓಡೋದು, ತೊಳೆಯೋದು, ಒಣಗಿಸೋದು, ಪ್ರಿಂಟ್ ಹಾಕೋದು, ಒಂದರ ಪಕ್ಕ ಒಂದು ಜೋಡಿಸಿ ಇಡೀ ಪ್ರದೇಶದ ಚಾಪೆ ನೇಯೋದು. ಅದನ್ನು ಮೊಸಾಯಿಕ್ ಅಂತಾರೆ. ಅಪ್ಪ ಮಾತ್ರ ಕೌದಿ ಅಂತಿದ್ದ.

ಆಗಿನ ವಿಮಾನ ಕ್ಯಾನ್‌ಬೆರಾ. ಬ್ರಿಟಿಷರ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯದು, 1949ರಲ್ಲಿ ಮೊದಲು ಹಾರಿದ್ದು. ನಮ್ಮ ವಾಯುಪಡೆಗೆ 1957ರಲ್ಲಿ ಬಂತು, 2007ರ ಮೇ ತಿಂಗಳವರೆಗೂ ಹಾರಿತು. ಐವತ್ತು ವರ್ಷ! ಇವತ್ತು ನಾವು ಎರಡು ವರ್ಷಕ್ಕೆ ಫೋನ್ ಬದಲಾಯಿಸುತ್ತೇವೆ. ಹೆಚ್ಚಿನ ಕ್ಯಾನ್‌ಬೆರಾಗಳು ಬಾಂಬರುಗಳು. ಆದರೆ ಪಿಆರ್-57 ಅನ್ನುವ ಮಾದರಿ ಹೊತ್ತುಕೊಂಡು ಹೋಗುತ್ತಿದ್ದದ್ದು ಬರೀ ಕ್ಯಾಮೆರಾ. ಅದನ್ನು ಹಾರಿಸುತ್ತಿದ್ದ 106ನೇ ಸ್ಕ್ವಾಡ್ರನ್ನಿನಲ್ಲೇ ಅಪ್ಪನ ಬದುಕಿನ ಮುಖ್ಯ ವರ್ಷಗಳು ಕಳೆದವು.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಪ್ಪನ ಕೆಲಸ ಅರ್ಥವಾಗೋಕೆ ಇದು ಬೇಕು. ಎಫ್-52 ಅಂತ ಆ ಕಾಲದ ಒಂದು ಬ್ರಿಟಿಷ್ ಕ್ಯಾಮೆರಾ. ಅದರ ಒಂದೊಂದು ನೆಗೆಟಿವ್ ಎಂಟೂವರೆ ಇಂಚು ಉದ್ದ, ಏಳಿಂಚು ಅಗಲ, ಅಂದರೆ ನಮ್ಮ ಶಾಲೆಯ ನೋಟ್‌ಬುಕ್ಕಿನ ಹಾಳೆಯಷ್ಟು. ಲೆನ್ಸು ಮೂರು ಅಡಿಯವರೆಗೂ ಇರುತ್ತಿತ್ತು. ಮೂರು ಅಡಿ ಲೆನ್ಸಿನಿಂದ 36,000 ಅಡಿ ಎತ್ತರದಲ್ಲಿ ಫೋಟೋ ತೆಗೆದರೆ ನೆಗೆಟಿವಿನ ಒಂದು ಇಂಚು ನೆಲದ 1,000 ಅಡಿಗೆ ಸಮ. 20 ಅಡಿ ಉದ್ದದ ಲಾರಿಯೊಂದು ಅದರ ಮೇಲೆ ಅರ್ಧ ಮಿಲಿಮೀಟರ್ ಆಗುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು. ಮಣ್ಣಿನ ಬಣ್ಣದ ನೆಲದ ಮೇಲೆ ಮಣ್ಣಿನ ಬಣ್ಣದ ಲಾರಿ, ಕಪ್ಪು ಬಿಳುಪು ಫಿಲ್ಮ್. ಎಲ್ಲಿ ಹುಡುಕ್ತೀರಿ?

ನೆರಳು ಹುಡುಕಬೇಕು. ಲಾರಿ ಮಣ್ಣಿನೊಳಗೆ ಕರಗಿಹೋದರೂ ಅದರ ನೆರಳು ಕಪ್ಪಗೆ ಬಿದ್ದಿರುತ್ತದೆ. ಸೂರ್ಯ ಕೆಳಗಿದ್ದಷ್ಟೂ ಅದು ಉದ್ದ. ಸೂರ್ಯ ಹದಿನೈದು ಡಿಗ್ರಿ ಮೇಲಿದ್ದಾಗ ಎಂಟು ಅಡಿ ಎತ್ತರದ ಲಾರಿಯ ನೆರಳು ಮೂವತ್ತು ಅಡಿಯಷ್ಟು ಚಾಚಿಕೊಳ್ಳುತ್ತದೆ, ಲಾರಿಗಿಂತ ದೊಡ್ಡದಾಗಿ. ತೆಗೆದ ದಿನ ಮತ್ತು ಗಂಟೆ ಗೊತ್ತಿದ್ದರೆ ನೆರಳು ಅಳೆದು ವಸ್ತುವಿನ ಎತ್ತರ ಲೆಕ್ಕ ಹಾಕಬಹುದು. ನಮ್ಮ ಮನೆಯಲ್ಲಿ ಇದು ಆಟವಾಗಿತ್ತು. ಸಂಜೆ ಅಂಗಳದಲ್ಲಿ ಒಂದು ಕೋಲು ನೆಟ್ಟು, ಅದರ ನೆರಳನ್ನೂ ಬೇವಿನ ಮರದ ನೆರಳನ್ನೂ ಹೆಜ್ಜೆಯಲ್ಲಿ ಅಳೆಸಿ, ‘ಮರ ಎಷ್ಟು ಎತ್ತರ ಹೇಳು ಪುಟ್ಟಿ’ ಅಂತ ಕೇಳ್ತಿದ್ದ. ನನಗೆ ತ್ರೈರಾಶಿಕ ಬಂದಿದ್ದು ಹಾಗೆ. ಇದು ಅವನ ಕಚೇರಿ ಕೆಲಸ ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷಗಳ ಮೇಲೆ.

ಇನ್ನು ಕತ್ತಲೆ ಕೋಣೆ. ಸಿನಿಮಾದಲ್ಲಿ ಕೆಂಪು ಬಲ್ಬು ಉರಿಯುತ್ತಿರುವ ಕೋಣೆ ನೋಡಿರ್ತೀರಲ್ಲ, ಅದು ಪ್ರಿಂಟ್ ಹಾಕುವಾಗ. ಕಾಗದಕ್ಕೆ ಕೆಂಪು ಬೆಳಕು ಕಾಣೋದಿಲ್ಲ. ವಿಮಾನದ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ. ಹಾಗಾಗಿ ಅದನ್ನ ತೊಳೆಯುವಾಗ ಯಾವ ಬೆಳಕೂ ಇಲ್ಲ. ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ಆ ಕತ್ತಲಲ್ಲಿ ಉದ್ದನೆಯ ರೋಲನ್ನು ಗೀರು ಬೀಳದ ಹಾಗೆ ಸುತ್ತಬೇಕು, ನಿಮಿಷ ಎಣಿಸಬೇಕು. ಅದಕ್ಕೇ ಇರಬೇಕು, ರಾತ್ರಿ ಕರೆಂಟು ಹೋದರೆ ನಮ್ಮನೆಯಲ್ಲಿ ಅಪ್ಪ ಮಾತ್ರ ಸಲೀಸಾಗಿ ಓಡಾಡ್ತಿದ್ದ. ಅಮ್ಮ ಮೇಣದಬತ್ತಿ ಹುಡುಕುವಷ್ಟರಲ್ಲಿ ಅವನು ತಟ್ಟೆಗೆ ಅನ್ನ ಬಡಿಸಿಕೊಂಡು ಕೂತಿರುತ್ತಿದ್ದ. ಡೆವಲಪರಿನಲ್ಲಿ ಮೆಟಾಲ್ ಅನ್ನೋ ರಾಸಾಯನಿಕ ಇರುತ್ತದೆ. ಅದು ಕೆಲವರ ಚರ್ಮಕ್ಕೆ ಆಗಿಬರಲ್ಲ. ಅಪ್ಪನ ಬೆರಳ ತುದಿಗಳು ಸದಾ ಒಡೆದಿರುತ್ತಿದ್ದವು. ನನ್ನ ತಲೆ ನೇವರಿಸಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು.

ಸೈನಿಕ ಮತ್ತು ಕ್ಯಾಮೆರಾದ ಜೋಡಿ ಎಷ್ಟು ಹಳೆಯದು ಅಂತ ನನಗೆ ಸರಿಯಾಗಿ ಅರಿವಾಗಿದ್ದು 2015ರ ಬೇಸಿಗೆಯಲ್ಲಿ. ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋದವಳು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದೆ. ಅಲ್ಲಿ ಕ್ಯಾಪ್ಟನ್ ಲಿನಿಯಸ್ ಟ್ರೈಪ್ ಎಂಬಾತನ ಫೋಟೋಗಳ ಪ್ರದರ್ಶನ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ ಆತ. 1854ರಲ್ಲಿ ಬೆಂಗಳೂರಿಗೆ ಬಂದವನು ಅದೇ ಡಿಸೆಂಬರಿನಲ್ಲಿ ಕ್ಯಾಮೆರಾ ಸಾಮಾನು ಹೊರಿಸಿಕೊಂಡು ನಮ್ಮ ಹಳೇಬೀಡು ಬೇಲೂರಿಗೆ ಹೋಗಿದ್ದ! ಗಾಜಲ್ಲ, ಫಿಲ್ಮಲ್ಲ, ಮೇಣ ಸವರಿದ ಕಾಗದವೇ ನೆಗೆಟಿವ್. ಹೊಯ್ಸಳೇಶ್ವರನ ಗೋಡೆ ಎಷ್ಟು ಹರಿತವಾಗಿ ಬಂದಿದೆ ಅಂದರೆ ಆನೆಸಾಲಿನ ಒಂದೊಂದು ಸೊಂಡಿಲನ್ನೂ ಎಣಿಸಬಹುದು. ಖಾಲಿ ಆಕಾಶ ಬೋಳಾಗಿ ಕಾಣುತ್ತದೆ ಅಂತ ಕೆಲವು ನೆಗೆಟಿವುಗಳ ಮೇಲೆ ಕುಂಚದಿಂದ ಮೋಡ ಬರೆದಿದ್ದನಂತೆ ಪುಣ್ಯಾತ್ಮ. ಹಿಂದಿನ ವರ್ಷ ನಮ್ಮ ಮನೆಯಲ್ಲಿ ಗೃಹಪ್ರವೇಶದ ಫೋಟೋಗ್ರಾಫರ್ ಕಂಪ್ಯೂಟರಿನಲ್ಲಿ ನೀಲಿ ಆಕಾಶ ಅಂಟಿಸಿದ್ದು ನೆನಪಾಗಿ ನಗು ಬಂತು.

ಟ್ರೈಪ್ ಒಬ್ಬನೇ ಅಲ್ಲ. ಬಾಂಬೆ ಫಿರಂಗಿ ದಳದ ಥಾಮಸ್ ಬಿಗ್ಸ್ 1855ರಲ್ಲಿ ಸರ್ಕಾರಿ ಫೋಟೋಗ್ರಾಫರನಾಗಿ ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಫೋಟೋ ತೆಗೆದ. ಕರ್ನಾಟಕದ ಕಲ್ಲುಗಳನ್ನ ಮೊದಮೊದಲು ಕ್ಯಾಮೆರಾದಲ್ಲಿ ಕಂಡವರಲ್ಲಿ ಇಷ್ಟು ಜನ ಯೂನಿಫಾರ್ಮಿನವರು ಅಂದರೆ ಆಶ್ಚರ್ಯವೇನಿಲ್ಲ. ಅಂದಿನ ಕ್ಯಾಮೆರಾಕ್ಕೆ ಬೇಕಾದ ಹಣ, ಆಳು, ಗಾಡಿ, ಪುರುಸೊತ್ತು ಇದ್ದದ್ದೇ ಅವರ ಹತ್ತಿರ. ನೆಲವನ್ನು ಗೆದ್ದವರಿಗೆ ಅದರ ಪಟ್ಟಿ ಬೇಕಿತ್ತು ಕೂಡ. ಇದೇ ಕಾಲದಲ್ಲಿ ಸೈನ್ಯದ ಬೆನ್ನುಹತ್ತಿ ಲಖನೌಗೆ ಬಂದ ಫೆಲೀಸ್ ಬೀಟೋ ಅನ್ನುವವನು 1858ರಲ್ಲಿ ಸಿಕಂದರ್ ಬಾಗಿನ ಅಂಗಳದಲ್ಲಿ ಹರಡಿದ ಅಸ್ಥಿಗಳ ಫೋಟೋ ತೆಗೆದ. ಸತ್ತದ್ದು ಹಿಂದಿನ ನವೆಂಬರಿನಲ್ಲಿ. ಮೂಳೆಗಳನ್ನ ಫೋಟೋಕ್ಕಾಗಿ ಹರಡಿಸಿದ್ದು ಅಂತ ಇತಿಹಾಸಕಾರರು ಹೇಳ್ತಾರೆ. ಎಷ್ಟೇ ಪ್ರಸಿದ್ಧನಾದರೂ ನನಗೆ ಬೀಟೋ ಸೇರಲ್ಲ.

ಆದರೆ ಲಂಡನ್ನಿನ ಆ ಗೋಡೆಯ ಮುಂದೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಹಳೇಬೀಡಲ್ಲ. ಪ್ರಿಂಟಿನ ಮೂಲೆಯಲ್ಲಿದ್ದ ಸಹಿ. ಎಲ್. ಟ್ರೈಪ್. ಸೈನ್ಯದಲ್ಲಿದ್ದುಕೊಂಡೇ ತೆಗೆದ ಫೋಟೋಗೆ ಆತ ಸಹಿ ಹಾಕಿದ್ದ. ನೂರಾ ಅರವತ್ತು ವರ್ಷದ ಮೇಲೆ ಯಾರೋ ಅದನ್ನ ನೋಡ್ತಿದ್ದಾರೆ. ಅದೇ ಹಾಸನ ಜಿಲ್ಲೆಯ ನನ್ನಪ್ಪ ತೊಳೆದ ಸಾವಿರಾರು ಅಡಿ ಫಿಲ್ಮಿನ ಒಂದು ಮೂಲೆಯಲ್ಲೂ ಅವನ ಹೆಸರಿಲ್ಲ.

ಈ ಸಹಿ ಯಾವಾಗ ಅಳಿಸಿತು? ನನ್ನನ್ನ ಕೇಳಿದರೆ ಕ್ಯಾಮೆರಾ ವಿಮಾನ ಹತ್ತಿದಾಗ. ಮೊದಲ ಮಹಾಯುದ್ಧದಲ್ಲಿ, 1915ರ ಮಾರ್ಚ್ 10ರಂದು ಫ್ರಾನ್ಸಿನ ನ್ಯೂವ್ ಶಪೆಲ್ ಎಂಬ ಊರಿನಲ್ಲಿ ಬ್ರಿಟಿಷರು ದಾಳಿ ಶುರುಮಾಡಿದರು. ಅದಕ್ಕೂ ಮುಂಚೆ ಜರ್ಮನ್ನರ ಕಂದಕಗಳ ಮೇಲೆ ಹಾರಿ, ಫೋಟೋ ತೆಗೆದು, ಆ ಫೋಟೋಗಳಿಂದ ನಕ್ಷೆ ಬರೆದು ಸೈನ್ಯಕ್ಕೆ ಹಂಚಿದ್ದರು. ಆ ಥರ ತಯಾರಾದ ಮೊದಮೊದಲ ಕದನಗಳಲ್ಲಿ ಅದೊಂದು. ಆ ನಕ್ಷೆ ಹಿಡಿದು ಮುಂದೆ ನುಗ್ಗಿದವರಲ್ಲಿ ನಮ್ಮ ಗಢವಾಲಿಗಳು, ಗೂರ್ಖಾಗಳು ಇದ್ದರು. ಗಬ್ಬರ್ ಸಿಂಗ್ ನೇಗಿ ಅನ್ನುವ ಗಢವಾಲಿ ಯೋಧ ಅವತ್ತೇ ಅಲ್ಲಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ. ಈಗ ಆ ಊರಿನಲ್ಲಿರುವ ಸ್ಮಾರಕದ ಮೇಲೆ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸಮಾಧಿಯೇ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದೆ. ಅಲ್ಲಿಂದಾಚೆಗೆ ಫೋಟೋ ಅನ್ನೋದು ಯಾರದ್ದೋ ಕಲೆಯಾಗಿ ಉಳಿಯಲಿಲ್ಲ. ಗಂಟೆಗಟ್ಟಲೆ ಉತ್ಪಾದನೆಯಾಗುವ ಮದ್ದುಗುಂಡಿನಂಥ ಸರಕಾಯ್ತು. ಗುಂಡಿನ ಮೇಲೆ ಯಾರು ಸಹಿ ಹಾಕ್ತಾರೆ?

ಹೆಸರು ಉಳಿದಿದ್ದು ಹಾರಿದವರದ್ದು. ಅದು ನ್ಯಾಯವೇ, ಯಾಕಂದರೆ ಸಾಯುವ ಸಾಧ್ಯತೆ ಇದ್ದದ್ದು ಅವರಿಗೆ. ಫೋಟೋ ತೆಗೆಯಲು ಹೋಗುವ ಕ್ಯಾನ್‌ಬೆರಾದಲ್ಲಿ ಬಾಂಬಿಲ್ಲ. ಎತ್ತರ ಮತ್ತು ವೇಗವೇ ರಕ್ಷೆ. 1959ರ ಏಪ್ರಿಲ್ 10, ಈದ್ ದಿನ, 106ನೇ ಸ್ಕ್ವಾಡ್ರನ್ನಿನ ಕ್ಯಾನ್‌ಬೆರಾವೊಂದನ್ನು ಪಾಕಿಸ್ತಾನದ ಸೇಬರ್ ಜೆಟ್ ರಾವಲ್ಪಿಂಡಿಯ ಬಳಿ ಹೊಡೆದುರುಳಿಸಿತು. ಸೇನ್‌ಗುಪ್ತಾ, ರಾಂಪಾಲ್ ಇಬ್ಬರೂ ಜಿಗಿದು ಬದುಕಿಕೊಂಡು ಸೆರೆಯಾಗಿ ಆಮೇಲೆ ವಾಪಸ್ ಬಂದರು. ನಲವತ್ತು ವರ್ಷದ ಮೇಲೆ, 1999ರ ಮೇ 21ರಂದು, ಕಾರ್ಗಿಲ್ ಮೇಲೆ ಫೋಟೋ ತೆಗೆಯುತ್ತಿದ್ದ ಇನ್ನೊಂದು ಕ್ಯಾನ್‌ಬೆರಾದ ಎಂಜಿನ್ನಿಗೆ ಕ್ಷಿಪಣಿ ಬಡಿಯಿತು. ಉಳಿದ ಒಂದೇ ಎಂಜಿನ್ನಿನಲ್ಲಿ ಅದನ್ನ ಶ್ರೀನಗರಕ್ಕೆ ತಂದಿಳಿಸಿದರು. ಅವತ್ತು ಟೀವಿ ಮುಂದೆ ಕೂತಿದ್ದ ಅಪ್ಪ ‘ಮ್ಯಾಗಜೀನ್ ಉಳೀತಾ?’ ಅಂತ ಕೇಳಿದ್ದು ನನಗೆ ನೆನಪಿದೆ. ಅಮ್ಮ ಬೈದಳು, ಮನುಷ್ಯರು ಉಳಿದ್ರಾ ಅಂತ ಕೇಳೋದಲ್ವಾ ಅಂತ.

ಈ ಕಥೆಯ ನಡುವೆ ಇರೋರು ಜಗ್ ಮೋಹನ್ ನಾಥ್, ಎಲ್ಲರ ಬಾಯಲ್ಲಿ ಜಗ್ಗಿ ನಾಥ್. 1960ರಿಂದ 62ರವರೆಗೆ ಮತ್ತೆ ಮತ್ತೆ ಅಕ್ಸಾಯ್ ಚಿನ್ ಮೇಲೆ, ಟಿಬೆಟ್ ಗಡಿಯ ಮೇಲೆ ಕ್ಯಾನ್‌ಬೆರಾ ಹಾರಿಸಿ ಚೀನೀಯರ ರಸ್ತೆ, ಲಾರಿ, ಬೀಡುಗಳ ಫೋಟೋ ತಂದವರು. ಅದಕ್ಕೆ ಮಹಾವೀರ ಚಕ್ರ ಬಂತು. 1965ರಲ್ಲಿ ಪಾಕಿಸ್ತಾನದ ಮೇಲಿನ ಹಾರಾಟಗಳಿಗೆ ಎರಡನೇ ಸಲ ಬಂತು. ಮಹಾವೀರ ಚಕ್ರವನ್ನು ಎರಡು ಬಾರಿ ಪಡೆದವರು ಬೆರಳೆಣಿಕೆಯಷ್ಟೇ. ಅಷ್ಟೆಲ್ಲ ತಂದುಕೊಟ್ಟರೂ ಮೇಲಿನವರು ಆ ಫೋಟೋಗಳು ಹೇಳಿದ್ದನ್ನ ನಂಬಲಿಲ್ಲ ಅಂತ ವಯಸ್ಸಾದ ಮೇಲೆ ಸಂದರ್ಶನಗಳಲ್ಲಿ ಅವರು ನೇರವಾಗಿಯೇ ಹೇಳಿದರು. 1962ರ ಅಕ್ಟೋಬರ್ 20ರ ಬೆಳಗ್ಗೆ ಏನಾಯ್ತು ಅನ್ನೋದು ನಿಮಗೂ ಗೊತ್ತು.

ಆ ಹೊತ್ತಿಗೆ ಅಪ್ಪ ಆಗ್ರಾದಲ್ಲೇ ಇದ್ದ. ಇಪ್ಪತ್ಮೂರು ವರ್ಷದ ಹುಡುಗ. ಫೋಟೋಗಳನ್ನು ಓದುವ ಅಧಿಕಾರಿಗಳ ಪಕ್ಕದಲ್ಲಿ ನಿಂತು, ಭೂತಗನ್ನಡಿಯಡಿ ಗುರುತು ಹಾಕಿಕೊಡುವ ಕೆಲಸವೂ ಅವನಿಗಿತ್ತು ಅಂತ ಅಮ್ಮನಿಂದ ತಿಳಿದಿದ್ದು. ನಾನು ಕಾಲೇಜಿಗೆ ಬಂದ ಮೇಲೆ ಒಂದು ಸಲ ನೇರವಾಗಿ ಕೇಳಿದೆ: ‘ಅಪ್ಪಾ, ಅರವತ್ತೆರಡರಲ್ಲಿ ಆ ಫೋಟೋ ನೀನು ನೋಡಿದ್ಯಾ?’ ಅವನು ಪೇಪರ್ ಮಡಿಸಿಟ್ಟು, ‘ಸಾಮಾನು ಅಂಗಡಿಗೆ ಹೋಗ್ತೀನಿ, ಏನಾದ್ರೂ ಬೇಕಾ’ ಅಂದ. ಅಷ್ಟೇ. 1923ರ ಅಧಿಕೃತ ರಹಸ್ಯ ಕಾಯ್ದೆ ಅಂತ ಒಂದಿದೆ, ಬ್ರಿಟಿಷರ ಕಾಲದ್ದು, ಈಗಲೂ ಜಾರಿಯಲ್ಲಿದೆ. ಬೇರೆಯವರ ಮನೆಯಲ್ಲಿ ದೇವರ ಭಯ ಇರುತ್ತಲ್ಲ, ನಮ್ಮನೆಯಲ್ಲಿ ಅದರ ಭಯ ಇತ್ತು.

ನನಗೇ ನೆನಪಿರುವ ಯುದ್ಧ 1971ರದ್ದು. ಎಂಟು ವರ್ಷ ನನಗೆ. ಬೇರೆ ಬೇರೆ ಕಡೆ ಸುತ್ತಿ ಅಪ್ಪನಿಗೆ ಮತ್ತೆ ಆಗ್ರಾಕ್ಕೆ ವರ್ಗವಾಗಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದೆವು. ಕ್ವಾರ್ಟರ್ಸಿನ ಹಿಂದೆ ಕಂದಕ ತೋಡಿದ್ದರು, ನಮಗದು ಹೊಸ ಆಟದ ಮೈದಾನ. ಡಿಸೆಂಬರ್ 3ರ ರಾತ್ರಿ ಸೈರನ್ ಕೂಗಿತು. ಹುಣ್ಣಿಮೆಯಾಗಿ ಒಂದೇ ದಿನ ಕಳೆದಿತ್ತು. ಬ್ಲಾಕ್‌ಔಟ್ ಮಾಡಿದರೂ ಚಂದ್ರನನ್ನ ಯಾರು ಆರಿಸ್ತಾರೆ? ಕಂದಕದಲ್ಲಿ ಕೂತು ನೋಡಿದರೆ ಹಗಲಿನ ಹಾಗೆ. ಆಮೇಲೆ ನೆಲ ನಡುಗಿತು. ಶಬ್ದಕ್ಕಿಂತ ಮೊದಲು ಬೆನ್ನಿಗೆ ಮಣ್ಣು ಒತ್ತಿದಂತಾಗಿದ್ದು ನೆನಪಿದೆ. ಅಮ್ಮ ತಮ್ಮನ ಬಾಯಿಗೆ ಸೆರಗು ತುರುಕಿದ್ದಳು, ಅವನ ಅಳು ವಿಮಾನಕ್ಕೆ ಕೇಳಿಸುತ್ತೆ ಅಂತ. ಆಗ್ರಾದ ವಿಮಾನ ನೆಲೆಯ ಮೇಲೆ ಪಾಕಿಸ್ತಾನದ ಬಾಂಬರುಗಳು ಬಂದಿದ್ದವು. ಅದೇ ರಾತ್ರಿ ನಮ್ಮ ಕ್ಯಾನ್‌ಬೆರಾಗಳು ಆ ಕಡೆಗೆ ಹಾರಿದವು.

ಆ ದಿನಗಳಲ್ಲಿ ತಾಜ್ ಮಹಲಿಗೆ ಹಸಿರು ಬಟ್ಟೆ ಹೊದಿಸಿದ್ದರು. ಬೆಳದಿಂಗಳಲ್ಲಿ ಅದಕ್ಕಿಂತ ಒಳ್ಳೆಯ ಗುರುತು ಬೇಕಾ ವೈರಿಗೆ? ಒಂದು ಮಧ್ಯಾಹ್ನ ಪಕ್ಕದ ಮನೆಯವರ ಸೈಕಲ್ಲಿನ ಹಿಂದೆ ಕೂತು ಹೋಗುವಾಗ ದೂರದಿಂದ ನೋಡಿದೆ. ಗುಡ್ಡದ ಮೇಲೆ ಹುಲ್ಲು ಬೆಳೆದಂತೆ, ಯಾರೋ ಅಜ್ಜಿ ಕಂಬಳಿ ಹೊದ್ದು ಕೂತಂತೆ ಇತ್ತು. ನಾಲ್ಕು ದಿನದ ಮೇಲೆ ಅಪ್ಪ ಸ್ನಾನಕ್ಕೆಂದು ಮನೆಗೆ ಬಂದಾಗ ಓಡಿಹೋಗಿ ಹೇಳಿದೆ, ತಾಜ್‌ಗೆ ಕಂಬಳಿ ಹೊದಿಸಿದ್ದಾರೆ ಅಂತ. ಕಣ್ಣು ಕೆಂಪಾಗಿತ್ತು ಅವನಿಗೆ. ಬೆರಳುಗಳಿಗೆಲ್ಲ ಬಟ್ಟೆ ಸುತ್ತಿದ್ದ. ‘ಬಣ್ಣ ಮುಚ್ಚಬಹುದು’ ಅಂದ. ‘ಅಷ್ಟು ಎತ್ತರ ಇದೆಯಲ್ಲ, ನೆರಳನ್ನ ಎಲ್ಲಿ ಬಚ್ಚಿಡ್ತಾರೆ?’

ಸ್ನಾನ ಮಾಡಿ ನಿಂತಲ್ಲೇ ಎರಡು ತುತ್ತು ತಿಂದು ಹೋದ. ಆ ಹದಿನಾಲ್ಕು ದಿನ ಫೋಟೋ ವಿಭಾಗದಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಇರಲಿಲ್ಲವಂತೆ. ಅಲ್ಲಿ ಹೇಗೂ ಕತ್ತಲೆಯೇ ತಾನೆ. ಆಗ 106ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರು ವಿಂಗ್ ಕಮಾಂಡರ್ ರಮೇಶ್ ಬೆನೆಗಲ್. ಹೆಸರು ಕೇಳಿದ ಕೂಡಲೇ ನಮ್ಮ ಉಡುಪಿ ಸೀಮೆ ನೆನಪಾಗುತ್ತೆ, ಆದರೆ ಅವರು ಬೆಳೆದದ್ದು ರಂಗೂನಿನಲ್ಲಿ. ಹದಿಹರೆಯದಲ್ಲಿ ನೇತಾಜಿಯ ಆಜಾದ್ ಹಿಂದ್ ಸೇರಿ, ಜಪಾನಿಗೆ ಸೈನಿಕ ತರಬೇತಿಗೆ ಹೋದ ಹುಡುಗರಲ್ಲಿ ಒಬ್ಬರು. ಬ್ರಿಟಿಷರ ವಿರುದ್ಧ ಹೋರಾಡಲು ಹೊರಟವರು ಬ್ರಿಟಿಷ್ ವಿಮಾನದಲ್ಲಿ ಸ್ವತಂತ್ರ ಭಾರತಕ್ಕಾಗಿ ಹಾರಿ ಮಹಾವೀರ ಚಕ್ರ ಪಡೆದರು. ಈ ಒಂದು ಜೀವನದ ಮೇಲೆ ಯಾಕೆ ಯಾರೂ ಸಿನಿಮಾ ಮಾಡಿಲ್ಲವೋ ಕಾಣೆ. ಅವರ ಬಗ್ಗೆ ಕೇಳಿದರೆ ಅಪ್ಪ ಸಿದ್ಧ ಉತ್ತರ ಒಂದನ್ನ ಇಟ್ಟುಕೊಂಡಿದ್ದ: ‘ಒಳ್ಳೆ ಆಫೀಸರ್. ಫಿಲ್ಮ್ ಅಲುಗಾಡಿರ್ತಿರಲಿಲ್ಲ.’ ನೆಲದ ಮೇಲೆ ಕೂತವನು ಆಕಾಶದವರನ್ನ ಅಳೆಯುತ್ತಿದ್ದ ರೀತಿ ಅದು. ನೆಗೆಟಿವ್ ಕೈಗೆ ಬಂದರೆ ಹಾರಿಸಿದವರ ಕೈ ನಡುಗಿತ್ತೋ ಇಲ್ಲವೋ ತಿಳಿಯುತ್ತಿತ್ತು.

ಯುದ್ಧ ಮುಗಿದ ಮಾರನೇ ವರ್ಷ ಅಪ್ಪ ಸ್ವಂತಕ್ಕೆ ಒಂದು ಕ್ಯಾಮೆರಾ ಕೊಂಡ. ಆಗ್ಫಾ ಕ್ಲಿಕ್-3. ಆಗಿನ ಮಧ್ಯಮ ವರ್ಗದ ಮನೆಗಳಲ್ಲಿ ಇದ್ದ ಡಬ್ಬಿ ಅದೇ, ಒಂದು ರೋಲಿಗೆ ಹನ್ನೆರಡು ಫೋಟೋ. ಹನ್ನೆರಡರಲ್ಲಿ ಅವನು ಆರೇ ವಿಷಯ ತೆಗೆಯುತ್ತಿದ್ದ, ಎಲ್ಲವನ್ನೂ ಎರಡೆರಡು ಸಲ. ಮೊದಲು ಒಂದು, ಆಮೇಲೆ ಒಂದು ಗೇಣು ಬಲಕ್ಕೆ ಸರಿದು ಇನ್ನೊಂದು. ದುಡ್ಡು ದಂಡ ಅಂತ ಅಮ್ಮನ ಗೊಣಗಾಟ. ಪ್ರಿಂಟ್ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಮಧ್ಯೆ ಪೋಸ್ಟ್‌ಕಾರ್ಡು ನಿಲ್ಲಿಸಿ, ಮೂಗನ್ನ ಅದಕ್ಕೆ ತಾಗಿಸಿ, ಬಲಗಣ್ಣು ಬಲದ್ದನ್ನ, ಎಡಗಣ್ಣು ಎಡದ್ದನ್ನ ನೋಡೋ ಹಾಗೆ ನನ್ನನ್ನ ಕೂರಿಸಿದ. ಮೊದಲು ಬರೀ ಮಸಕು, ತಲೆನೋವು. ಐದು ನಿಮಿಷ ಆದ ಮೇಲೆ ಇದ್ದಕ್ಕಿದ್ದಂತೆ ಎರಡು ಫೋಟೋಗಳು ಒಂದಾದವು. ಬಾವಿಕಟ್ಟೆಯ ಹತ್ತಿರ ನಿಂತ ಅಮ್ಮ ಕಾಗದದಿಂದ ಎದ್ದು ಬಂದಳು! ಹಿಂದೆ ಬೇಲಿ, ಅದರ ಹಿಂದೆ ಮರ, ಎಲ್ಲ ಬೇರೆ ಬೇರೆ ದೂರದಲ್ಲಿ. ಕಿರುಚಿಬಿಟ್ಟೆ.

ವಿಮಾನದ ಕ್ಯಾಮೆರಾ ಮಾಡುವುದೂ ಇದನ್ನೇ. ಪ್ರತಿ ಫೋಟೋ ಹಿಂದಿನದರ ಅರವತ್ತು ಪರ್ಸೆಂಟಿನಷ್ಟನ್ನ ಮತ್ತೆ ಹಿಡಿಯುತ್ತದೆ. ವಿಮಾನ ಮುಂದೆ ಸರಿದಿರುವುದರಿಂದ ಎರಡು ಫೋಟೋಗಳು ಎರಡು ಕಣ್ಣಿನ ಹಾಗೆ. ಸ್ಟೀರಿಯೋಸ್ಕೋಪಿನಡಿ ಇಟ್ಟರೆ ಗುಡ್ಡ ಏಳುತ್ತದೆ, ಹಳ್ಳ ಇಳಿಯುತ್ತದೆ. ಮೂವತ್ತಾರು ಸಾವಿರ ಅಡಿ ಮೇಲಿಂದ ಹಿಮಾಲಯ ಎದ್ದು ನಿಲ್ಲುವುದನ್ನ ಹಾಸನದ ರೈತನ ಮಗ ಒಂದು ಕೋಣೆಯಲ್ಲಿ ಕೂತು ನೋಡಿದ್ದ. ಯಾರಿಗೂ ಹೇಳುವಂತಿರಲಿಲ್ಲ. ಹಾಗಾಗಿ ನಮ್ಮ ಬಾವಿಕಟ್ಟೆಯನ್ನ ನನಗೆ ಎಬ್ಬಿಸಿ ತೋರಿಸಿದ ಅನ್ಸುತ್ತೆ.

1978ರಲ್ಲಿ ನಿವೃತ್ತನಾಗಿ ಹಾಸನಕ್ಕೆ ಬಂದು ಒಂದು ಪುಟ್ಟ ಸ್ಟುಡಿಯೋ ಹಾಕಿದ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಾಗದದ ಡಬ್ಬಗಳು ನಮ್ಮನೆಯ ತುಂಬ. ವ್ಯಾಪಾರ ಅಂತ ಕುದುರಲಿಲ್ಲ. ಜನರಿಗೆ ತಾವು ಬೆಳ್ಳಗೆ ಕಾಣಬೇಕು, ಅಪ್ಪನಿಗೆ ಮೂಗಿನ ನೆರಳು ಸರಿಯಾಗಿ ಬೀಳಬೇಕು. ‘ಸ್ವಾಮಿ, ಮುಖ ಕಪ್ಪಾಯ್ತು’ ಅಂತ ಬಂದವರಿಗೆ ‘ನೆರಳಿಲ್ಲದಿದ್ರೆ ಮೂಗು ಇದೆ ಅಂತ ಹೆಂಗೆ ಗೊತ್ತಾಗುತ್ತೆ?’ ಅಂತ ಪಾಠ ಮಾಡುತ್ತಿದ್ದ. ಬಣ್ಣದ ಲ್ಯಾಬುಗಳು ಬಂದ ಮೇಲೆ ಬಾಗಿಲು ಹಾಕಿ ಬೆಂಗಳೂರಿಗೆ ನನ್ನ ಜೊತೆ ಇರಲು ಬಂದರು ಇಬ್ಬರೂ.

ಗೂಗಲ್ ಅರ್ಥ್ ಬಂದಿದ್ದು 2005ರಲ್ಲಿ. ಆ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಕಲಾಂ ಅವರೇ ಇದರಿಂದ ದೇಶದ ಭದ್ರತೆಗೆ ಅಪಾಯ ಇದೆ ಅಂತ ಆತಂಕ ತೋಡಿಕೊಂಡಿದ್ದರು. ವಿಮಾನ ನಿಲ್ದಾಣಗಳಲ್ಲಿ ಫೋಟೋ ತೆಗೆದರೆ ಹಿಡಿಯುವ 1937ರ ನಿಯಮ ಇದ್ದ ದೇಶದಲ್ಲಿ ಯಾರು ಬೇಕಾದರೂ ರನ್‌ವೇ ನೋಡಬಹುದಾಗಿತ್ತು. ಮಾರನೇ ವರ್ಷ ಒಂದು ಭಾನುವಾರ ಅಪ್ಪನನ್ನ ಕಂಪ್ಯೂಟರ್ ಮುಂದೆ ಕೂರಿಸಿ ನಮ್ಮ ಬೆಂಗಳೂರಿನ ಮನೆ ತೋರಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿ, ‘ಉತ್ತರ ಮೇಲಿದೆಯಾ?’ ಅಂದ. ಹೌದು ಅಂದೆ. ‘ನೆರಳು ಪಶ್ಚಿಮಕ್ಕೆ ಬಿದ್ದಿದೆ. ಬೆಳಗ್ಗೆ ತೆಗೆದಿದ್ದು.’ ಆಮೇಲೆ ಪರದೆಗೆ ಬೆರಳಿಟ್ಟು, ‘ಪಕ್ಕದ ಮನೆ ನೋಡು, ಬರೀ ಕಂಬದ ನೆರಳಿದೆ, ಗೋಡೆ ಇಲ್ಲ. ಅವರ ಗೃಹಪ್ರವೇಶ ಯಾವಾಗ ಆಗಿದ್ದು?’ ಎರಡು ವರ್ಷದ ಹಿಂದೆ ಅಂದೆ. ‘ಹಂಗಾದ್ರೆ ಈ ಫೋಟೋ ಅದಕ್ಕಿಂತ ಹಳೇದು. ನಿಮ್ಮೋರು ಹೊಸದು ಅಂತ ಮಾರ್ತಿದ್ದಾರೆ.’ ಐಟಿಯವರೆಲ್ಲ ಅವನ ಪಾಲಿಗೆ ‘ನಿಮ್ಮೋರು’.

ಹಳೇಬೀಡಿನ ಕೆರೆ ತೋರಿಸಿದೆ. ಆಗ್ರಾ ತೋರಿಸಲಾ ಅಂದರೆ ಬೇಡ ಅಂದ. ಮೌಸ್ ಹಿಡಿಯೋದು ಹೇಗೆ ಅಂತ ಕೇಳಿದ. ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭೂಪಟ ಉತ್ತರಕ್ಕೆ ಹೋಗಿತ್ತು. ಲೇಹ್ ದಾಟಿ, ಇನ್ನೂ ಪೂರ್ವಕ್ಕೆ. ಊರಿಲ್ಲ, ಹೆಸರಿಲ್ಲ. ಕಂದು ಬಣ್ಣದ ಗುಡ್ಡಗಳು, ಉಪ್ಪಿನ ಕೆರೆಗಳು. ಆ ಭಾಗದ ಫೋಟೋ ಆಗ ತುಂಬ ಮಸುಕು. ಒಡೆದ ಬೆರಳಿನಲ್ಲಿ ನಿಧಾನಕ್ಕೆ ಸರಿಸುತ್ತಾ, ಒಂದು ಕಡೆ ನಿಲ್ಲಿಸಿದ. ನನಗೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಗೆರೆ. ಅಕ್ಸಾಯ್ ಚಿನ್ ರಸ್ತೆ. ಚೀನೀಯರು 1957ರಲ್ಲಿ ಮುಗಿಸಿದ್ದು.

ತುಂಬ ಹೊತ್ತು ಅದನ್ನೇ ನೋಡ್ತಾ ಕೂತ. ಕಾಫಿ ಆರಿತು.

‘ಈಗ ಲಾರಿ ಕಾಣಲ್ಲ ಇದರಲ್ಲಿ’ ಅಂದ ಕೊನೆಗೆ. ‘ನಾವು ಎಣಿಸಿದ್ವಿ. ಲಾರಿ ಅಲ್ಲ, ನೆರಳು. ಸಂಜೆ ಬಿಸಿಲು ಒಳ್ಳೇದಿತ್ತು.’

ನಲವತ್ತನಾಲ್ಕು ವರ್ಷದಲ್ಲಿ ಅವನು ಅದರ ಬಗ್ಗೆ ಆಡಿದ ಮೊದಲ ಮಾತು. ಉಸಿರು ಹಿಡಿದುಕೊಂಡು ಕೇಳಿದೆ: ‘ಎಷ್ಟಿದ್ವು?’

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡ.

‘ಬರೆದು ಕೊಟ್ಟಿದ್ವಲ್ಲ’ ಅಂದ.